ಅಳಿಸುವ ಮುನ್ನ ಒಂದು ಷರಾ

ಕಾಸರಗೋಡಿನಲ್ಲಿ ನನ್ನ ತಂದೆಯವರು ದಸ್ತಾವೇಜು ಬರಹಗಾರರಾಗಿದ್ದರು. ಕ್ರಯಪತ್ರವನ್ನೋ ವಿಭಾಗಪತ್ರವನ್ನೋ ಬರೆಯುವಾಗ ಕೈತಪ್ಪಿದರೆ ಅವರು ಆ ಪದವನ್ನು ಉಜ್ಜಿ ತೆಗೆಯುತ್ತಿರಲಿಲ್ಲ. ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಪತ್ರದ ಕೊನೆಯಲ್ಲಿ ಇಂತಿಷ್ಟನೆಯ ಸಾಲಿನ ಇಂಥ ಪದ ಹೊಡೆದಿದೆ ಎಂದು ಷರಾ ಬರೆದು, ಪತ್ರ ಬರೆಸಿದವರ ಸಹಿ ಹಾಕಿಸುತ್ತಿದ್ದರು. 1908ರ ನೋಂದಣಿ ಕಾಯಿದೆಯ 20ನೆಯ ಕಲಮು ಕೇಳುವುದೂ ಇದನ್ನೇ. ಚಿತ್ತುಕಾಟುಗಳಿಗೆ ಸಹಿಯ ದೃಢೀಕರಣವಿಲ್ಲದ ಪತ್ರವನ್ನು ನೋಂದಣಾಧಿಕಾರಿ ನಿರಾಕರಿಸಬಹುದು. “ಹೊಡೆದದ್ದು ಯಾವುದೆಂದು ನಾಳೆ ಯಾರಾದರೂ ಕೇಳಿದರೆ ಕಾಣಬೇಕಲ್ಲ ಮಗಾ” ಎನ್ನುತ್ತಿದ್ದರು.

ನಾನೂ ಒಂದು ಬಗೆಯ ದಸ್ತಾವೇಜು ಬರಹಗಾರನೇ. ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಗಣಕದ ಸಲಕರಣೆಗಳಿಗೆ ಬಳಕೆಯ ವಿವರಣೆ ಬರೆಯುತ್ತೇನೆ. ಇತ್ತೀಚಿನವರೆಗೆ ನನ್ನ ಓದುಗರು ಮನುಷ್ಯರಾಗಿದ್ದರು. ಈಗ ಕೃತಕ ಬುದ್ಧಿಮತ್ತೆಯ ಏಜೆಂಟುಗಳೂ ಓದುತ್ತವೆ. ಯಜಮಾನನು ಆಡುಮಾತಿನಲ್ಲಿ ಒಂದು ಕೆಲಸ ಹೇಳುತ್ತಾನೆ. ಏಜೆಂಟು ತನ್ನ ಮುಂದಿರುವ ಸಲಕರಣೆಗಳ ಹೆಸರನ್ನೂ ವಿವರಣೆಯನ್ನೂ ಓದಿ, ಯಾವುದನ್ನು ಬಳಸಬೇಕೆಂದು ತಾನೇ ತೀರ್ಮಾನಿಸುತ್ತದೆ. ಸಲಕರಣೆಯ ಒಳಗೇನು ನಡೆಯುತ್ತದೆ ಎಂಬುದು ಅದಕ್ಕೆ ಕಾಣದು. ನಾನು ಬರೆದ ಸಾಲುಗಳಷ್ಟೇ ಕಾಣುತ್ತವೆ.

ಸಂದೇಶ ಅಳಿಸುವ ಸಲಕರಣೆಗೆ ನಾನು ಮೊದಲು ಬರೆದದ್ದು ಒಂದೇ ಸಾಲು. “ಕೊಟ್ಟ ಗುರುತುಸಂಖ್ಯೆಯ ಸಂದೇಶವನ್ನು ಅಳಿಸುತ್ತದೆ” ಎಂಬುದು ಅದರ ಅರ್ಥ. ಪರೀಕ್ಷೆಗೆಂದು ಬೇರೆ ಅಂಚೆಪೆಟ್ಟಿಗೆ ತೆರೆಯಲು ಸೋಮಾರಿತನಪಟ್ಟು ನನ್ನದನ್ನೇ ಜೋಡಿಸಿ, “ಹಳೆಯ, ಬೇಡದ ಸಂದೇಶಗಳನ್ನು ತೆಗೆದು ಚೊಕ್ಕಟ ಮಾಡು” ಎಂದು ಆಜ್ಞಾಪಿಸಿದೆ. ಕೆಲವೇ ನಿಮಿಷಗಳಲ್ಲಿ ಚೊಕ್ಕಟವಾಯಿತು. ಜಾಹೀರಾತುಗಳ ಜೊತೆಗೆ, ವಿಷಯದ ಸಾಲು ಖಾಲಿಯಿದ್ದ ಪುಟ್ಟ ಸಂದೇಶಗಳೂ ಹೋಗಿದ್ದವು.

ವಿಷಯದ ಸಾಲು ತುಂಬದೆ ನನಗೆ ಬರೆಯುತ್ತಿದ್ದವರು ಒಬ್ಬರೇ. ವೃತ್ತಿ ನಿಲ್ಲಿಸಿದ ಮೇಲೆ ಗಣಕದಲ್ಲಿ ಕನ್ನಡ ಬೆರಳಚ್ಚು ಕಲಿತ ನನ್ನ ತಂದೆ. ತೋಟಕ್ಕೆ ಮಹಾಳಿ ಬಂದಿದೆ, ಅಮ್ಮನ ಮಂಡಿನೋವು ತುಸು ಕಡಿಮೆ, ರಜೆ ಸಿಕ್ಕಿದರೆ ಬಾ—ಇಷ್ಟೇ ಇರುತ್ತಿತ್ತು. ಅವರು ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. ಕಸದಬುಟ್ಟಿಯನ್ನು ತೆರೆದು ನೋಡಿದೆ, ಅದು ಖಾಲಿಯಾಗಿತ್ತು.

ಏಜೆಂಟನ್ನು ದೂರಿ ಫಲವಿರಲಿಲ್ಲ. ‘ಅಳಿಸು’ ಎಂಬ ಒಂದೇ ಪದದೊಳಗೆ ಎಷ್ಟು ಬೇರೆ ಬೇರೆ ಕ್ರಿಯೆಗಳಿವೆ ಎಂಬುದನ್ನು ನಾನೇ ಬರೆದಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನನ್ನ ಪಾಲಿಗೆ ಮಾತ್ರ ಅಳಿಸುವುದು ಒಂದು, ಎಲ್ಲರ ಪಾಲಿಗೂ ಅಳಿಸುವುದು ಇನ್ನೊಂದು. ಮಿಂಚಂಚೆಯ ಹಳೆಯ ಐಮ್ಯಾಪ್ ಪದ್ಧತಿಯಲ್ಲಿ ಮೊದಲು ಅಳಿಸುವ ಗುರುತು ಹಾಕಿ, ಆಮೇಲೆ ‘ಎಕ್ಸ್‌ಪಂಜ್’ ಎಂಬ ಬೇರೆಯದೇ ಆಜ್ಞೆ ಕೊಟ್ಟಾಗ ಮಾತ್ರ ಸಂದೇಶ ನಿಜಕ್ಕೂ ಹೋಗುತ್ತದೆ. ಜಿಮೇಲ್‌ನಲ್ಲಿ ಬುಟ್ಟಿಗೆ ಬಿದ್ದದ್ದು 30 ದಿನ ಉಳಿಯುತ್ತದೆ. ಬುಟ್ಟಿಯನ್ನು ಮುಟ್ಟದೆ ನೇರವಾಗಿ ನಾಶಮಾಡುವ ಆಜ್ಞೆಯೂ ತಂತ್ರಜ್ಞರ ಕೈಯಲ್ಲಿದೆ. ಮನುಷ್ಯನಾದರೆ ತಂದೆಯ ಹೆಸರು ಕಂಡೊಡನೆ ಬೆರಳನ್ನು ಹಿಂದಕ್ಕೆಳೆಯುತ್ತಾನೆ. ಏಜೆಂಟಿಗೆ ಆ ಹಿಂಜರಿಕೆಯನ್ನು ಬರೆದೇ ಕೊಡಬೇಕು.

ಮರುದಿನ ಹೊಸದಾಗಿ ಬರೆಯಲು ಕುಳಿತೆ. ಮೊದಲ ವಾಕ್ಯದಲ್ಲೇ ಪರಿಣಾಮವನ್ನು ಇಟ್ಟೆ: ಸಂದೇಶವು ಶಾಶ್ವತವಾಗಿ ನಾಶವಾಗುತ್ತದೆ, ಬುಟ್ಟಿಗೆ ಹೋಗುವುದಿಲ್ಲ, ಮರಳಿ ತರಲಾಗದು. ಬಳಿಕ, ಯಾವಾಗ ಬಳಸಬಾರದು ಎಂಬುದು: ‘ಚೊಕ್ಕಟ ಮಾಡು’ ಎಂಬಂಥ ಅಸ್ಪಷ್ಟ ಮಾತಿಗೆ ಬುಟ್ಟಿಗೆ ಸರಿಸುವ ಸಲಕರಣೆಯನ್ನೇ ಬಳಸತಕ್ಕದ್ದು. ಬಂದ ಸಂದೇಶದ ಒಳಗೆ ‘ಎಲ್ಲವನ್ನೂ ಅಳಿಸು’ ಎಂದು ಯಾರೋ ಬರೆದಿದ್ದರೆ ಅದು ಯಜಮಾನನ ಅಪ್ಪಣೆಯಲ್ಲ. ಕಳುಹಿಸಿದವರ ಹೆಸರು, ದಿನಾಂಕ, ಒಟ್ಟು ಎಣಿಕೆಗಳನ್ನು ತೋರಿಸಿ ಯಜಮಾನನ ಒಪ್ಪಿಗೆ ಪಡೆಯತಕ್ಕದ್ದು. ಸಂದೇಶ ಸಿಗಲಿಲ್ಲವೆಂಬ ಉತ್ತರ ಬಂದರೆ, ಅದನ್ನು ಹೋಲುವ ಇನ್ನೊಂದನ್ನು ಹುಡುಕಿ ಅಳಿಸಕೂಡದು.

ಬರೆದರಷ್ಟೇ ಸಾಲದು ಎಂಬುದೂ ತಿಳಿಯಿತು. ಏಜೆಂಟುಗಳಿಗೆ ಸಲಕರಣೆಗಳನ್ನು ಜೋಡಿಸಲೆಂದು 2024ರಲ್ಲಿ ಹೊರಬಂದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ಪದ್ಧತಿಯಲ್ಲಿ, ಸಲಕರಣೆಯು ವಿನಾಶಕಾರಿ ಎಂದು ಸಾರುವ ಗುರುತೊಂದಕ್ಕೆ ಈಗ ಅವಕಾಶವಿದೆ. ಆದರೆ ಅದು ಸೂಚನೆಯೇ ಹೊರತು ಬೀಗವಲ್ಲ. ಆದ್ದರಿಂದ ಒಪ್ಪಿಗೆಯಿಲ್ಲದ ಆಜ್ಞೆಯನ್ನು ಯಂತ್ರವೇ ತಿರಸ್ಕರಿಸುವಂತೆಯೂ, ಅಳಿಸಿದ್ದು ಯಾವುದು, ಎಂದು, ಯಾರ ಒಪ್ಪಿಗೆಯಿಂದ ಎಂಬುದು ಬೇರೊಂದು ಕಡತದಲ್ಲಿ ದಾಖಲಾಗುವಂತೆಯೂ ಮಾಡಿರೆಂದು ಸಹೋದ್ಯೋಗಿಗಳನ್ನು ಬೇಡಿಕೊಂಡೆ. ಮಾಡಿದರು. ಅದು ತಂದೆಯವರ ಷರಾ ಅಲ್ಲದೆ ಬೇರೇನೂ ಅಲ್ಲ.

1956ರಿಂದೀಚೆಗೆ ಗಡಿನಾಡಿನ ಕನ್ನಡಿಗರಾದ ನಮಗೆ ಒಂದೊಂದು ಕಾಗದದ ಬೆಲೆಯನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಂಘದ ಪತ್ರವ್ಯವಹಾರವೂ ಮನೆಯವರ ಮಾತುಕತೆಯೂ ಈಗ ಕಪಾಟಿನಲ್ಲಿಲ್ಲ, ಫೋನಿನಲ್ಲಿವೆ. ನಾಳೆ ಅವುಗಳ ವಿಲೇವಾರಿಯನ್ನು ಏಜೆಂಟಿಗೆ ಒಪ್ಪಿಸುವ ಮುನ್ನ, ಅಳಿಸಿದ್ದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ದಯವಿಟ್ಟು ಕೇಳಿಕೊಳ್ಳಿ. ಬೇಕಾದದ್ದರ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ.

ತಂದೆಯವರ ಸಂದೇಶಗಳು ಮರಳಿ ಬರಲಿಲ್ಲ. ಅವರು ಬರೆದ ಹಳೆಯ ವಿಭಾಗಪತ್ರವೊಂದರ ಪ್ರತಿ ಮನೆಯಲ್ಲಿದೆ. ಅದರಲ್ಲಿ ಅವರು ಹೊಡೆದುಹಾಕಿದ ಪದವನ್ನು ಇಂದಿಗೂ ಓದಬಹುದು.