ಮೂಲೆಯಿಂದ ಮೂಲೆಗೆ

ಕಳೆದ ಮಳೆಗಾಲದ ಕೊನೆಗೆ ನಮ್ಮ ಮನೆಯ ಹಳೇ ಕೊಟ್ಟಿಗೆ ಕೂತುಬಿಟ್ಟಿತು. ದನಗಳು ಬ್ಯಾಣಕ್ಕೆ ಮೇಯಲು ಹೋಗಿದ್ದರಿಂದ ಅನಾಹುತವೇನೂ ಆಗಲಿಲ್ಲ. ಎರಡು ಹಸು, ಒಂದು ಕರುವನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿ, ಅಪ್ಪಯ್ಯ ಹೊಸದರ ಲೆಕ್ಕ ಹಾಕಲು ಕೂತ. ಗೋಡೆ ಬೇಡ. ಎಂಟು ಕಲ್ಲುಕಂಬ, ಅದರ ಮೇಲೆ ಕಬ್ಬಿಣದ ಪೈಪು, ಪೈಪಿನ ಮೇಲೆ ಶೀಟು. ಉದ್ದ 24 ಅಡಿ, ಅಗಲ 18 ಅಡಿ. ಉದ್ದದ ಎರಡೂ ಬದಿಗೆ ನಾಲ್ಕು ನಾಲ್ಕು ಕಂಬ, 8 ಅಡಿಗೊಂದರಂತೆ.

ಆ ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ನನ್ನ ಪಿಎಚ್‌ಡಿ ಗಣಿತದ ಚರಿತ್ರೆಗೆ ಸಂಬಂಧಿಸಿದ್ದು. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಣಿತದ ಭಾಗ ನನ್ನ ವಿಷಯ. ಚೌಕ, ಆಯತ, ತ್ರಿಕೋನಗಳ ನಡುವೆಯೇ ಐದು ವರ್ಷ ಕಳೆದವನಿಗೆ ಕೊಟ್ಟಿಗೆಯ ನಾಲ್ಕು ಮೂಲೆ ಗುರುತು ಮಾಡುವುದು ಯಾವ ದೊಡ್ಡ ಕೆಲಸ? "ಮೇಸ್ತ್ರಿ ಬರುವುದರೊಳಗೆ ನಾನೇ ದಾರ ಕಟ್ಟಿಡ್ತೇನೆ" ಅಂದೆ. ಅಪ್ಪಯ್ಯ ಏನೂ ಹೇಳದೆ ಟೇಪು ತಂದುಕೊಟ್ಟ.

ಒಂದು ದಾರವನ್ನು ಮನೆಯ ಹಿಂದಿನ ಗೋಡೆಗೆ ಸಮನಾಗಿ ಎಳೆದೆ. ಇನ್ನೊಂದನ್ನು ಬೇಲಿಯ ಸಾಲಿಗೆ ಸಮನಾಗಿ ಎಳೆದೆ. ಗೋಡೆ, ಬೇಲಿ ಎರಡೂ ಒಂದಕ್ಕೊಂದು ನೇರ ಅಡ್ಡವಾಗಿಯೇ ಇವೆ ಎಂದು ಹುಟ್ಟಿದಾಗಿನಿಂದ ನೋಡಿದ ಕಣ್ಣು ಹೇಳುತ್ತಿತ್ತು. ಉಳಿದೆರಡು ಬದಿಯನ್ನು ಟೇಪು ಹಿಡಿದು ಹೊಂದಿಸಿದೆ. 24, 18, 24, 18. ಅರ್ಧ ಇಂಚೂ ಹೆಚ್ಚುಕಡಿಮೆ ಇಲ್ಲ. ಫೋಟೋ ತೆಗೆದು ಗೆಳೆಯರಿಗೆ ಕಳಿಸಿದೆ.

ಮಾರನೆಯ ದಿನ ಬಂದ ಮೇಸ್ತ್ರಿ ದಾರದ ಸುತ್ತ ಒಂದು ಸುತ್ತು ಬಂದರು. ಟೇಪಿನ ತುದಿಯನ್ನು ನನ್ನ ಕೈಗಿತ್ತು "ಆ ಮೂಲೆಗೆ ಹಿಡಿ" ಎಂದು ತಾವು ಎದುರು ಮೂಲೆಗೆ ಹೋದರು. ಮೂವತ್ತೂವರೆ ಅಡಿ. ಮತ್ತೆರಡು ಮೂಲೆ ಅಳೆದರು. ಇಪ್ಪತ್ತೊಂಬತ್ತೂವರೆ.

"ಒಂದು ಅಡಿ ಫರಕು ಬಂತಲ್ಲ ತಮ್ಮಾ. ಎರಡೂ ಮೂವತ್ತೇ ಬರಬೇಕಿತ್ತು. ಮೂಲೆ ಮಟ್ಟಕ್ಕಿಲ್ಲ."

ಬೇಲಿ ಗೋಡೆಗೆ ಎರಡು ಡಿಗ್ರಿಯಷ್ಟು ಓರೆಯಾಗಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ 18 ಅಡಿ ಹೋಗುವಷ್ಟರಲ್ಲಿ ಅದು ಏಳೂವರೆ ಇಂಚಾಗುತ್ತದೆ. ಹಳೇ ಕೊಟ್ಟಿಗೆಯೂ ಇದೇ ಬೇಲಿಗೆ ಸರಿಯಾಗಿ ಓರೆಯಾಗಿಯೇ ಇತ್ತಂತೆ. ಅದಕ್ಕೆ ಮೊದಲು ಸೋಗೆ ಹೊದಿಸುತ್ತಿದ್ದರು, ಆಮೇಲೆ ನಾಡಹೆಂಚು ಬಂತು. ಅವೆರಡೂ ಓರೆಕೋರೆಯನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಶೀಟು ಹಾಗಲ್ಲ, ಅದರ ನಾಲ್ಕೂ ಮೂಲೆ ಕಾರ್ಖಾನೆಯಲ್ಲೇ ಮಟ್ಟವಾಗಿರುತ್ತವೆ. ನೆಟ್ಟಗೆ ಕೂರಿಸಿದರೆ ಒಂದು ಮೂಲೆಯ ಕಂಬ ಮಾಡಿನಿಂದ ಹೊರಗುಳಿಯುತ್ತದೆ, ಕಂಬದ ಸಾಲಿಗೆ ಹೊಂದಿಸಿದರೆ ಶೀಟಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ನಮ್ಮ ಕಡೆಯ ಮಳೆಗೆ ಅಷ್ಟು ಸಂದು ಸಾಕು.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಮಹಾವೀರಾಚಾರ್ಯ ಕ್ಷೇತ್ರಫಲಕ್ಕೆ ಎರಡು ಬಗೆಯ ಲೆಕ್ಕ ಕೊಡುತ್ತಾನೆ. ಒಂದು ವ್ಯಾವಹಾರಿಕ, ಅಂದರೆ ಸ್ಥೂಲವಾದದ್ದು, ಇನ್ನೊಂದು ಸೂಕ್ಷ್ಮ. ಚತುರ್ಭುಜದ ಸ್ಥೂಲ ಲೆಕ್ಕ ಸುಲಭ: ಎದುರುಬದುರು ಭುಜಗಳನ್ನು ಕೂಡಿಸಿ ಅರ್ಧ ಮಾಡು, ಬಂದ ಎರಡನ್ನೂ ಗುಣಿಸು. ನನ್ನ ಓರೆ ಕೊಟ್ಟಿಗೆಗೆ ಈ ಲೆಕ್ಕ ಹಾಕಿದರೆ 432 ಚದರ ಅಡಿ, ಮೇಸ್ತ್ರಿಯ ನೆಟ್ಟಗಿನ ಕೊಟ್ಟಿಗೆಗೂ ಅದೇ 432. ಭುಜಗಳನ್ನಷ್ಟೇ ಕೇಳುವ ಲೆಕ್ಕಕ್ಕೆ ಓರೆ ಕಾಣುವುದಿಲ್ಲ. ಈ ಮಾತನ್ನು ನಾನೇ ನನ್ನ ಅಧ್ಯಾಯದಲ್ಲಿ ಬರೆದಿದ್ದೆ, ಅಡಿಟಿಪ್ಪಣಿ ಸಮೇತ.

ಮೇಸ್ತ್ರಿ ಒಂದು ದಾರ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಚ್ಚಿದರು. ಗೋಡೆಯೂ ಬೇಡ, ಬೇಲಿಯೂ ಬೇಡ, ಇನ್ನು ಎಲ್ಲ ಅಳತೆಗೂ ಆ ಒಂದು ದಾರವೇ ಆಧಾರ. ಮೂಲೆಯಿಂದ ದಾರದ ಮೇಲೆ 8 ಅಡಿಗೆ ಒಂದು ಗುರುತು, ಅಡ್ಡದಾರದ ಮೇಲೆ 6 ಅಡಿಗೆ ಒಂದು ಗುರುತು, ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬರುವವರೆಗೆ ಅಡ್ಡದಾರವನ್ನು ಸರಿಸಿದರು. 3, 4, 5 ಸಾಕಲ್ಲ ಎಂದದ್ದಕ್ಕೆ, "ಸಣ್ಣದರಲ್ಲಿ ಕಾಲಿಂಚು ತಪ್ಪಿದರೆ ಆ ತುದಿಯಲ್ಲಿ ಗೇಣು ತಪ್ಪುತ್ತೆ" ಎಂದರು. ಯಜ್ಞವೇದಿಯ ಅಳತೆ ಹೇಳುವ ಶುಲ್ಬಸೂತ್ರಗಳ ಹೆಸರಿನಲ್ಲೇ ಹಗ್ಗವಿದೆ. ಶುಲ್ಬ ಎಂದರೆ ಹಗ್ಗ. ಅದನ್ನು ಹತ್ತಾರು ಸಲ ಉದ್ಧರಿಸಿದ್ದ ನಾನು ಹಗ್ಗ ಹಿಡಿದದ್ದು ಅವತ್ತೇ. ಗೂಟಗಳನ್ನು ಮೂಲೆಯಲ್ಲಿ ಹೊಡೆಯದೆ ಮೂರು ಅಡಿ ಹೊರಗೆ ಹೊಡೆದರು, ಗುಂಡಿ ತೋಡುವಾಗ ಗುರುತು ಕಳೆಯಬಾರದಲ್ಲ. ಜಾಗ ಸ್ವಲ್ಪ ಇಳಿಜಾರು. ಟೇಪನ್ನು ನೆಲದ ಮೇಲೆ ಹಾಸದೆ ಮಟ್ಟವಾಗಿ ಎತ್ತಿ ಹಿಡಿದು, ತೂಕದ ಗುಂಡು ಇಳಿಬಿಟ್ಟು ಗುರುತು ಹಾಕಿದರು.

ಎಲ್ಲ ಮುಗಿದ ಮೇಲೆ, "ಅಪ್ಪ-ಮಗ ಇನ್ನೊಂದು ಸಲ ಮೂಲೆ ಅಳೆದು ನೋಡಿ" ಎಂದು ಮೇಸ್ತ್ರಿ ಎಲೆಯಡಿಕೆ ಹಾಕಲು ಜಗಲಿಗೆ ಹೋದರು. ಅಪ್ಪಯ್ಯ ಒಂದು ತುದಿ, ನಾನೊಂದು ತುದಿ.

ಊರಿಗೆ ಬಂದಾಗಿನಿಂದ ನಾನು ಅಪ್ಪಯ್ಯನಿಗೆ ಒಂದೂ ಸುಳ್ಳು ಹೇಳಿರಲಿಲ್ಲ. ಅಧ್ಯಾಯ ಬರೆದು ಕೊಟ್ಟಿದ್ದೇನೆ ಎಂದಿದ್ದೆ, ನಿಜ. ಗೈಡು ಓದಿದ್ದಾರೆ, ಅದೂ ನಿಜ. ಈ ಸಲ ಸ್ವಲ್ಪ ದಿನ ಇರುತ್ತೇನೆ, ಅದೂ ನಿಜವೇ. ಓದಿದ ಗೈಡು ಅಧ್ಯಾಯವನ್ನು ವಾಪಸು ಕೊಟ್ಟದ್ದು, ಫೆಲೋಶಿಪ್ ಮುಗಿದು ನಾಲ್ಕು ತಿಂಗಳಾದದ್ದು, ಹಾಸ್ಟೆಲ್ ರೂಮು ಖಾಲಿ ಮಾಡಿ ಬಂದದ್ದು ಹೇಳಿರಲಿಲ್ಲ. ಪ್ರತಿ ಮಾತೂ ಅಳತೆಗೆ ಸರಿಯಾಗಿತ್ತು. ಒಟ್ಟಾರೆ ಓರೆಯಾಗಿತ್ತು.

ಟೇಪಿನ ಆ ತುದಿಯಿಂದ ಹೇಳಿದೆ. ಮೂವತ್ತು ಅಡಿ ದೂರಕ್ಕೆ ಕೇಳುವಷ್ಟು ದನಿಯೆತ್ತಬೇಕಾಯಿತು.

ಅಪ್ಪಯ್ಯ ಟೇಪಿನ ಅಂಕಿಯನ್ನೇ ನೋಡುತ್ತಿದ್ದ. "ಎಳೆದು ಹಿಡಿ, ಜೋಲು ಬಿದ್ದಿದೆ" ಅಂದ. ಎಳೆದು ಹಿಡಿದೆ. "ಮೂವತ್ತು" ಅಂದ. ಇನ್ನೆರಡು ಮೂಲೆಗೆ ಹೋದೆವು. ಅದೂ ಮೂವತ್ತು. ಟೇಪು ಸುತ್ತಿಕೊಳ್ಳುತ್ತಾ ಹತ್ತಿರ ಬಂದ ಮೇಲೆ, "ಮೊದಲೇ ಹೇಳಬಹುದಿತ್ತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇರಲಿ, ಶೀಟು ಹಾಕುವ ಮೊದಲಾದರೂ ಹೇಳಿದೆ" ಎಂದು ಜಗಲಿಯ ಕಡೆ ನಡೆದ.

ಮರುದಿನ ಎರಡೂವರೆ ಅಡಿ ಆಳದ ಎಂಟು ಗುಂಡಿ ತೋಡಿದೆವು. ಕಂಬ ನಿಂತವು, ದನಗಳು ಹೊಸ ಜಾಗಕ್ಕೆ ಬಂದವು. ಹಳೇ ಅಧ್ಯಾಯದಲ್ಲಿ ಒಂದು ಭಾಗವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಸಂಜೆ ಹಾಲು ಕರೆದು ಬಂದ ಅಪ್ಪಯ್ಯ ಈಗ "ಎಷ್ಟು ಪುಟ ಆಯ್ತು?" ಎಂದು ಕೇಳುವುದಿಲ್ಲ. "ಮೂಲೆ ಕೂಡ್ತಾ?" ಎಂದು ಕೇಳುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ.