ಹಗ್ಗದ ಮಲ್ಲಕಂಬ ಮತ್ತು ನಮ್ಮ ಅಂಗೈ

ನಮ್ಮ ಶಾಲೆಯಲ್ಲಿ ಗಂಡು ಹುಡುಗರು ಕಂಬದ ಮಲ್ಲಕಂಬ ಮಾಡುತ್ತಾರೆ. ನಾವು ಹುಡುಗಿಯರು ಹಗ್ಗದ ಮಲ್ಲಕಂಬ ಮಾಡುತ್ತೇವೆ. ಇದು ಬಹಳ ಹಳೆಯ ಕಸರತ್ತು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ದೊರೆ 3ನೇ ಸೋಮೇಶ್ವರನ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಮಲ್ಲರು ಕಂಬದ ಮೇಲೆ ಸಾಧನೆ ಮಾಡುವ ವಿಷಯ ಇದೆ ಎಂದು ನಮ್ಮ ಪಿ.ಟಿ. ಸರ್ ಹೇಳಿದ್ದಾರೆ.

ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ. ಅದರಿಂದ ಮೈ ತರಚುವುದು ಕಡಿಮೆ. ಆದರೆ ಹಗ್ಗಕ್ಕೆ ಎಣ್ಣೆ ಹಚ್ಚುವಂತಿಲ್ಲ, ಹಚ್ಚಿದರೆ ಜಾರಿ ಬೀಳುತ್ತೇವೆ. ಅದಕ್ಕೇ ನಮ್ಮ ಅಂಗೈಯಲ್ಲಿ ಮತ್ತು ಕಾಲಿನ ಹೆಬ್ಬೆರಳ ಸಂದಿಯಲ್ಲಿ ನೀರ್ಗುಳ್ಳೆ ಏಳುತ್ತವೆ. ಗಣರಾಜ್ಯೋತ್ಸವದ ದಿನ ಚಪ್ಪಾಳೆ ಹೊಡೆಯುವವರಿಗೆ ನಮ್ಮ ಆಸನ ಕಾಣುತ್ತದೆ, ಗುಳ್ಳೆ ಕಾಣುವುದಿಲ್ಲ. ಅದಕ್ಕೆ ಗುಳ್ಳೆಯ ಬಗ್ಗೆ ಬರೆಯುತ್ತಿದ್ದೇನೆ.

ಗುಳ್ಳೆ ಯಾಕೆ ಏಳುತ್ತದೆ? ಹಗ್ಗ ಒಂದೇ ಜಾಗವನ್ನು ಮತ್ತೆ ಮತ್ತೆ ತಿಕ್ಕಿ ಎಳೆಯುತ್ತದೆ. ಆಗ ಚರ್ಮದ ಮೇಲಿನ ಪದರ ಕೆಳಗಿನದರಿಂದ ಬಿಡುತ್ತದೆ. ನಡುವೆ ನೀರು ತುಂಬುತ್ತದೆ. ಕೈ ಬೆವರಿದ್ದರೆ ಇನ್ನೂ ಬೇಗ ಏಳುತ್ತದೆ. ಆದರೆ ಗುಳ್ಳೆ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಆ ಜಾಗ ಕೆಂಪಾಗಿ ಚುರುಚುರು ಅನ್ನುತ್ತದೆ. ಆಗಲೇ ಹಗ್ಗದಿಂದ ಇಳಿದುಬಿಡಬೇಕು.

ಹೋದ ವರ್ಷ ತಾಲ್ಲೂಕಿಗೆ ಹೋಗುವ ಮುಂದ ನಮ್ಮ ಗುಂಪಿನ ಒಬ್ಬ ಹುಡುಗಿಗೆ ದೊಡ್ಡ ಗುಳ್ಳೆ ಎದ್ದಿತು. ತಂಡದಿಂದ ತೆಗೀತಾರೆ ಅಂತ ಹೆದರಿ ಅವಳು ಯಾರಿಗೂ ಹೇಳಲಿಲ್ಲ. ಯಾರೋ ಹೇಳಿದರು ಅಂತ ಜಾಲಿ ಮುಳ್ಳಿನಿಂದ ಚುಚ್ಚಿ ಒಡೆದಳು. ಮೂರನೇ ದಿನಕ್ಕೆ ಕೀವು ತುಂಬಿ ಕೈ ಬಾತಿತು. ತಾಲ್ಲೂಕಿಗೂ ಹೋಗಲಿಲ್ಲ, ಪರೀಕ್ಷೆಯಲ್ಲಿ ಪೆನ್ನು ಹಿಡಿಯಲಿಕ್ಕೂ ಆಗಲಿಲ್ಲ. ಅವಳು ಅತ್ತಿದ್ದು ನೋವಿಗಲ್ಲ, ಬಸ್ಸು ನಮ್ಮನ್ನಷ್ಟೇ ಕರಕೊಂಡು ಹೋದದ್ದಕ್ಕೆ.

ಆಸ್ಪತ್ರೆಯ ನರ್ಸ್ ಅಕ್ಕ ಆಮೇಲೆ ನಮಗೆಲ್ಲ ಹೇಳಿದ್ದು ಇಷ್ಟು:

1. ಗುಳ್ಳೆಯ ಮೇಲಿನ ಚರ್ಮವೇ ದೇವರು ಕೊಟ್ಟ ಪಟ್ಟಿ. ಅದನ್ನು ಒಡೆಯಬಾರದು. ಮುಳ್ಳು ಚುಚ್ಚಿದರೆ ಧನುರ್ವಾಯುವಿನ ಭಯವೂ ಉಂಟು.
2. ತಾನಾಗಿ ಒಡೆದರೆ ಸೋಪು ನೀರಿನಿಂದ ತೊಳೆದು, ಚರ್ಮ ಕೀಳದೆ, ಸ್ವಚ್ಛ ಬಟ್ಟೆ ಕಟ್ಟಬೇಕು. ದಿನಾ ಬಟ್ಟೆ ಬದಲಿಸಬೇಕು.
3. ಸೀಮೆಎಣ್ಣೆ, ಮಸಿ, ಸುಣ್ಣ ಹಚ್ಚಬಾರದು.
4. ಕೀವು ಬಂದರೆ, ಕೆಂಪು ಹರಡಿದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಬರದಂತೆ ಮಾಡುವುದನ್ನು ಸರ್ ಕಲಿಸಿದರು. ಹೊಸಬರು ಮೊದಲ ದಿನವೇ ತಾಸುಗಟ್ಟಲೆ ಜೋತಾಡಬಾರದು, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಕೈ ಬೆವರು ಒರೆಸಿಕೊಂಡು ಹಗ್ಗ ಹಿಡಿಯಬೇಕು. ಕೈ ಜಡ್ಡುಗಟ್ಟುವುದು ಒಳ್ಳೆಯದೇ, ಆದರೆ ಜಡ್ಡು ದಪ್ಪಗಾದರೆ ಹಗ್ಗಕ್ಕೆ ಸಿಕ್ಕು ಕಿತ್ತು ಬರುತ್ತದೆ. ಸ್ನಾನದ ನಂತರ ಮೆತ್ತಗಾದಾಗ ಕಾಲು ತಿಕ್ಕುವ ಕಲ್ಲಿನಿಂದ ಹಗುರಾಗಿ ತಿಕ್ಕಿ ಸಮ ಮಾಡಬೇಕು. ರಾತ್ರಿ ಮಲಗುವಾಗ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಬೇಕು. ಬೆಳಿಗ್ಗೆ ಮರೆಯದೆ ತೊಳೆಯಬೇಕು, ಇಲ್ಲದಿದ್ದರೆ ಹಗ್ಗ ಜಾರುತ್ತದೆ.

ನಮ್ಮ ಅಜ್ಜಿಗೆ ಇದು ಯಾವುದೂ ಸೇರುವುದಿಲ್ಲ. “ಹೆಣ್ಣು ಹುಡುಗಿ ಕೈ ಹಿಂಗ ಒರಟಾದ್ರ ನಾಳೆ ಯಾರ ಮನೀಗೆ ಕೊಡೂದು? ಸಾಕು ಬಿಡಸು” ಅಂತ ನಮ್ಮ ಅವ್ವನಿಗೆ ಹೇಳಿತು. ಅವ್ವ ತನ್ನ ಎರಡೂ ಅಂಗೈ ಅಜ್ಜಿಯ ಮುಂದೆ ಹಿಡಿದಳು. “ಅತ್ತೀ, ಕಳೆ ತಗದು ತಗದು ನನ್ನ ಕೈ ಇದಕ್ಕಿಂತ ಒರಟಾಗ್ಯಾವು. ಹೊಲಕ್ಕ ಹೋಗಬ್ಯಾಡ ಅಂತ ಯಾರಾದ್ರೂ ಅಂದಾರೇನು?” ಅಂದಳು. ಅಜ್ಜಿ ಸುಮ್ಮನಾಯಿತು. ಅವ್ವನ ಕೈಯನ್ನು ನಾನು ಅಂದೇ ಸರಿಯಾಗಿ ನೋಡಿದೆ. ಈಗ ರಾತ್ರಿ ಎಣ್ಣೆ ಹಚ್ಚುವಾಗ ಮೊದಲು ಅವ್ವನ ಕೈಗೆ ಹಚ್ಚಿ ಆಮೇಲೆ ನನ್ನ ಕೈಗೆ ಹಚ್ಚಿಕೊಳ್ಳುತ್ತೇನೆ.

ಗೆಳತಿಯರೇ, ಐದು ಆರನೇ ತರಗತಿಯಿಂದ ಈ ವರ್ಷ ಹೊಸದಾಗಿ ಹಗ್ಗ ಹಿಡಿದವರೇ, ಗುಳ್ಳೆ ಎದ್ದರೆ ನಾಚಬೇಡಿ, ಹೆದರಬೇಡಿ. ಕೈ ತೋರಿಸಿದವರನ್ನು ತಂಡದಿಂದ ತೆಗೆಯುವುದಿಲ್ಲ, ಮಾಯುವವರೆಗೆ ನೆಲದ ಮೇಲಿನ ಆಸನ ಮಾಡಿಸುತ್ತೇನೆ ಎಂದು ಸರ್ ಎಲ್ಲರ ಮುಂದೆ ಹೇಳಿದ್ದಾರೆ. ಆದ್ದರಿಂದ ಗುಳ್ಳೆಯನ್ನು ಒಡೆಯಲೂಬೇಡಿ, ಮುಚ್ಚಿಡಲೂಬೇಡಿ. ಇಷ್ಟು ಹೇಳಿ ನನ್ನ ಲೇಖನವನ್ನು ಮುಗಿಸುತ್ತೇನೆ.

– 7ನೇ ತರಗತಿ ವಿದ್ಯಾರ್ಥಿನಿ