ಸಾವರದ ಏಳು ಗೋಡೆಗಳು

ಢಾಕಾದ ಗಾಬತಲಿಯಲ್ಲಿ ಬಸ್ಸು ಹತ್ತಿ ತುರಾಗ್ ನದಿ ದಾಟಿದೆವು. ನಗರದಿಂದ ಸುಮಾರು 35 ಕಿ.ಮೀ. ದೂರ, ಆದರೆ ವಾಹನಗಳ ನಡುವೆ ನುಸುಳಿ ಸಾವರ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ನಬೀನಗರದಲ್ಲಿ ಇಳಿದರೆ ಹೆದ್ದಾರಿಯ ಪಕ್ಕದಲ್ಲೇ ಬಾಂಗ್ಲಾದೇಶದ ರಾಷ್ಟ್ರೀಯ ಹುತಾತ್ಮ ಸ್ಮಾರಕ.

ಬಾಗಿಲಲ್ಲಿ ನಿಂತವರಿಗೆ ಒಂದೇ ಚೂಪು ಶಿಖರ ಕಾಣುತ್ತದೆ. ಕೆಂಪು ಇಟ್ಟಿಗೆಯ ಹಾದಿಯಲ್ಲಿ ನಡೆದು, ಕೊಳ ದಾಟಿ, ಪಕ್ಕಕ್ಕೆ ಸರಿದು ನೋಡಿದೆ. ಆ ಶಿಖರ ಏಳು ಜೋಡಿ ತ್ರಿಕೋನ ಗೋಡೆಗಳಾಗಿ ಬಿಚ್ಚಿಕೊಂಡಿತು! ಎಲ್ಲಕ್ಕಿಂತ ಹೊರಗಿನದು ಗಿಡ್ಡ, ಬುಡ ಮಾತ್ರ ಬಲು ಅಗಲ. ಒಳಗೊಳಗೆ ಹೋದಂತೆ ಬುಡ ಕಿರಿದಾಗುತ್ತದೆ, ಎತ್ತರ ಏರುತ್ತದೆ. ನಡುವಿನದು 150 ಅಡಿ. ಇಪ್ಪತ್ತರ ಹರೆಯದಲ್ಲಿದ್ದ ವಾಸ್ತುಶಿಲ್ಪಿ ಸೈಯದ್ ಮೈನುಲ್ ಹೊಸೇನ್ ಇದನ್ನು ಕಲ್ಪಿಸಿದರು. 1982ರಲ್ಲಿ ಕಟ್ಟಿ ಮುಗಿಯಿತು.

ಶಾಲೆಯ ಮಕ್ಕಳ ಗುಂಪೊಂದು ಮೇಷ್ಟರು ಒಂದೊಂದು ಗೋಡೆಯತ್ತ ಕೈತೋರಿದಂತೆಲ್ಲ ಅದು ನೆನಪಿಸುವ ಇಸವಿಯನ್ನು ಒಕ್ಕೊರಲಿನಿಂದ ಕೂಗುತ್ತಿತ್ತು: 1952ರ ಭಾಷಾ ಚಳವಳಿ, 1954ರ ಚುನಾವಣೆ, 1956ರ ಸಂವಿಧಾನ ಹೋರಾಟ, 1962ರ ಶಿಕ್ಷಣ ಚಳವಳಿ, 1966ರ ಆರು ಬೇಡಿಕೆ, 1969ರ ಜನದಂಗೆ, 1971ರ ವಿಮೋಚನಾ ಯುದ್ಧ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1954. ಬಂಗಾಳಿಗಾಗಿ ಬೀದಿಗಿಳಿದವರ ಮೇಲೆ 1952ರಲ್ಲಿ ಗುಂಡು ಹಾರಿದಾಗ, ಆಗ ಪಾಕಿಸ್ತಾನದ ಭಾಗವಾಗಿದ್ದ ಪೂರ್ವ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು ನೂರುಲ್ ಅಮೀನ್. ಎರಡು ವರ್ಷದ ಮೇಲೆ ಮತ ಕೇಳಲು ಹೋದಾಗ ಜನ ಅವರನ್ನು ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋಲಿಸಿದರು. ಗೆದ್ದ ವಿರೋಧ ಪಕ್ಷಗಳ ಸಂಯುಕ್ತ ರಂಗದ ಸರ್ಕಾರವನ್ನು ಕರಾಚಿಯ ಕೇಂದ್ರ ಸರ್ಕಾರ ಮೇ ತಿಂಗಳಲ್ಲೇ ವಜಾ ಮಾಡಿತು. ಮತಪೆಟ್ಟಿಗೆಯ ತೀರ್ಪಿಗೆ ಬೆಲೆ ಕೊಟ್ಟಿದ್ದರೆ ಮುಂದಿನ ಗೋಡೆಗಳು ಬೇಕಾಗುತ್ತಿದ್ದವೇ? 1956ರಲ್ಲಿ ಪಾಕಿಸ್ತಾನದ ಸಂವಿಧಾನ ಬಂಗಾಳಿಗೆ ರಾಜ್ಯಭಾಷೆಯ ಸ್ಥಾನ ಕೊಟ್ಟಿತು. ಕನ್ನಡನಾಡು ಒಂದಾದದ್ದೂ ಅದೇ ವರ್ಷ. ಬಂಗಾಳಿಗಳಿಗೆ ಮಾತ್ರ ಅಷ್ಟಕ್ಕೆ ನೆಮ್ಮದಿ ಸಿಗಲಿಲ್ಲ.

ಸ್ಮಾರಕದ ಮುಂದೆಯೇ ಸಾಮೂಹಿಕ ಸಮಾಧಿಗಳಿವೆ. ಹೆಸರು ಬರೆದಿಲ್ಲ. ಮಕ್ಕಳು ಅಲ್ಲಿ ಚಪ್ಪಲಿ ಕಳಚಿ ಹೂವಿಟ್ಟರು. ನಾನೂ ಇಟ್ಟೆ.

ಯುದ್ಧ ಗೆದ್ದ ದೇಶಗಳು ಸೇನಾನಿಯನ್ನು ಕುದುರೆಯ ಮೇಲೆ ಕೂರಿಸುವುದೇ ಹೆಚ್ಚು. ಇಲ್ಲಿ ಭಾಷೆ, ಚುನಾವಣೆ, ವಿದ್ಯಾರ್ಥಿ ಚಳವಳಿಗಳಿಗೂ ಯುದ್ಧದ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ನಾನು ನೋಡಿದ ಸ್ಮಾರಕಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಢಾಕಾಕ್ಕೆ ಹೋಗುವವರು ಮೊದಲು ನಗರದೊಳಗಿನ, 1952ರ ಭಾಷಾ ಹುತಾತ್ಮರ ಸ್ಮಾರಕವಾದ ಶಹೀದ್ ಮಿನಾರ್ ನೋಡಿ, ಆಮೇಲೆ ಸಾವರಕ್ಕೆ ಬನ್ನಿ. ಬಾಗಿಲಲ್ಲೇ ಫೋಟೊ ತೆಗೆದು ಹಿಂತಿರುಗಬೇಡಿ; ಪಕ್ಕಕ್ಕೆ ನಡೆದು ಏಳೂ ಗೋಡೆಗಳನ್ನು ನೋಡಿ.